ಪಾಳಿ ಬದಲಾಗುವ ಹೊತ್ತು: ಶುಶ್ರೂಷಕಿಯರ ಹಸ್ತಾಂತರ ಮತ್ತು ರೋಗಿಯ ಸುರಕ್ಷತೆ

ಆಸ್ಪತ್ರೆಯಲ್ಲಿ ಆಪ್ತರ ಹಾಸಿಗೆಯ ಪಕ್ಕದಲ್ಲಿ ಒಂದು ರಾತ್ರಿಯನ್ನಾದರೂ ಕಳೆದವರಿಗೆ ಬೆಳಗಿನ ಎಂಟು ಗಂಟೆಯ ಹೊತ್ತು ಚೆನ್ನಾಗಿ ನೆನಪಿರುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ಕೆಲಸ ಮಾಡಿದ ಶುಶ್ರೂಷಕಿಯು ಮನೆಗೆ ಹೊರಡಲು ಸಿದ್ಧಳಾಗಿರುತ್ತಾಳೆ. ಬೆಳಗಿನ ಪಾಳಿಯವಳು ಆಗತಾನೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿರುತ್ತಾಳೆ. ಕಸ ಗುಡಿಸುವವರು, ತಿಂಡಿಯ ಗಾಡಿ, ರಕ್ತದ ಮಾದರಿ ತೆಗೆಯಲು ಬಂದ ಹುಡುಗ, ಬಿಲ್ಲಿನ ಬಗ್ಗೆ ವಿಚಾರಿಸುವ ರೋಗಿಯ ಕಡೆಯವರು, ಇವರೆಲ್ಲರ ನಡುವೆ ಇಬ್ಬರು ಶುಶ್ರೂಷಕಿಯರು ಮೇಜಿನ ಬಳಿ ನಿಂತು ಹತ್ತು ಹದಿನೈದು ನಿಮಿಷ ಮಾತನಾಡುತ್ತಾರೆ. ನೋಡುವವರಿಗೆ ಅದು ಕುಶಲೋಪರಿಯಂತೆ ಕಾಣುತ್ತದೆ. ವಾಸ್ತವವಾಗಿ ಆ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ಜನರ ಪ್ರಾಣದ ಹೊಣೆಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಿರುತ್ತದೆ. ವೈದ್ಯಕೀಯ ಪರಿಭಾಷೆಯಲ್ಲಿ ಇದಕ್ಕೆ ಹ್ಯಾಂಡೋವರ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಹಸ್ತಾಂತರ ಎಂದೇ ಕರೆಯೋಣ.

ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಬೆಳಿಗ್ಗೆ ಎಂಟು ಎಂದು ದಿನಕ್ಕೆ ಮೂರು ಪಾಳಿಗಳಿರುತ್ತವೆ. ಐದು ದಿನ ಒಳರೋಗಿಯಾಗಿ ಇರುವವರ ವಿಷಯವು ಹೀಗೆ ಸುಮಾರು ಹದಿನೈದು ಬಾರಿ ಕೈಬದಲಾಗುತ್ತದೆ. ವೈದ್ಯರ ಪಾಳಿ ಬದಲಾವಣೆ, ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಸಾಗಿಸುವುದು, ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಿ ಬರುವುದು, ಇವು ಆ ಲೆಕ್ಕದಲ್ಲಿ ಸೇರಿಲ್ಲ. ಪ್ರತಿ ಸಲವೂ ಏನಾದರೊಂದು ಸಣ್ಣ ಸಂಗತಿ ಸೋರಿ ಹೋಗುವ ಸಂಭವವುಂಟು. ಸೋರಿ ಹೋದದ್ದು ಸಣ್ಣದೋ ದೊಡ್ಡದೋ ಎಂಬುದು ಅನಾಹುತವಾದ ಮೇಲೆಯೇ ತಿಳಿಯುತ್ತದೆ.

ಈ ವಿಷಯವನ್ನು ಕುರಿತು ಬರೆಯಲು ನನ್ನನ್ನು ಪ್ರೇರೇಪಿಸಿದ್ದು ನನ್ನ ಅಕ್ಕನ ಅನುಭವ. ಕೆಲವು ವರ್ಷಗಳ ಹಿಂದೆ ಅವಳನ್ನು ಹೊಟ್ಟೆನೋವಿಗಾಗಿ ನಗರದ ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಅವಳಿಗೆ ಬಹುಕಾಲದಿಂದ ಮಧುಮೇಹ. ಬೆಳಿಗ್ಗೆ ಸಂಜೆ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಬೇಕಾದ್ದರಿಂದ ಉಪವಾಸವಿರಬೇಕೆಂದು ಹೇಳಿದರು. ರಾತ್ರಿ ಹತ್ತರ ಸುಮಾರಿಗೆ ವೈದ್ಯರು ದೂರವಾಣಿಯಲ್ಲಿ ರಾತ್ರಿ ಪಾಳಿಯ ಶುಶ್ರೂಷಕಿಗೆ, ಉಪವಾಸವಿರುವುದರಿಂದ ಬೆಳಗಿನ ಇನ್ಸುಲಿನ್ ಕೊಡಬೇಡಿ ಎಂದು ತಿಳಿಸಿದರು. ಆಕೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ರೋಗಿಯ ಔಷಧಪಟ್ಟಿಯಲ್ಲಿ ತಿದ್ದಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕಾಲುಗಂಟೆ ಇರುವಾಗ ಮತ್ತೊಂದು ಹಾಸಿಗೆಯ ವೃದ್ಧರೊಬ್ಬರಿಗೆ ಉಸಿರು ಕಟ್ಟಿತು. ಆಕೆ ಅಲ್ಲಿಗೆ ಓಡಿದಳು. ಅಲ್ಲಿಂದ ಬಂದು ಹಸ್ತಾಂತರವನ್ನು ಎರಡೇ ನಿಮಿಷದಲ್ಲಿ ಮುಗಿಸಿದಳು. ಅಕ್ಕನ ವಿಷಯದಲ್ಲಿ ಹೇಳಿದ್ದು ಇಷ್ಟೇ: "ಹದಿನಾಲ್ಕನೇ ಬೆಡ್ಡಿಗೆ ಸ್ಕ್ಯಾನಿಂಗ್ ಇದೆ."

ಹೊಸ ಪಾಳಿಯವಳು ಪಟ್ಟಿ ನೋಡಿದಳು. ತಿಂಡಿಗೆ ಮೊದಲು ಇನ್ಸುಲಿನ್ ಹದಿನಾರು ಯೂನಿಟ್ ಎಂದಿತ್ತು. ಎಂಟೂಕಾಲಕ್ಕೆ ಕೊಟ್ಟಳು. ಸ್ಕ್ಯಾನಿಂಗ್ ಕೋಣೆಯ ಮುಂದೆ ಸಾಲು ದೊಡ್ಡದಿತ್ತು, ತಿಂಡಿಯಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಕ್ಕ ಬೆವರತೊಡಗಿದಳು, ಕೈ ನಡುಗಿತು, ನನ್ನನ್ನು ನಮ್ಮ ತಂದೆಯವರೆಂದು ಭಾವಿಸಿ ಮಾತನಾಡಿದಳು. ರಕ್ತದ ಸಕ್ಕರೆ 42ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯವೆಂದೇ ತಿಳಿಯಬೇಕು. ಕೂಡಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕಾರಣ ಹದಿನೈದು ನಿಮಿಷದಲ್ಲಿ ಅವಳು ಮೊದಲಿನಂತಾದಳು. ಇನ್ನೊಂದು ಅರ್ಧ ಗಂಟೆ ಯಾರೂ ಗಮನಿಸದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಬರೆಯಬೇಕಿಲ್ಲ.

ಈ ಘಟನೆಯಲ್ಲಿ ನನ್ನ ಪಾಲೂ ಇದೆ. ಇನ್ಸುಲಿನ್ ಕೊಡುವಾಗ ನಾನು ಅಲ್ಲಿಯೇ ಕುಳಿತಿದ್ದೆ. ಅಕ್ಕ ಉಪವಾಸವಿರುವುದು ನನಗೆ ಗೊತ್ತಿತ್ತು. ನಲವತ್ತು ವರ್ಷ ರೋಗಿಗಳನ್ನು ನೋಡಿದ ನಾನು, ಅವರಿಗೆ ತಿಳಿದೇ ಇರುತ್ತದೆ, ನಮ್ಮದಲ್ಲದ ಆಸ್ಪತ್ರೆಯಲ್ಲಿ ನಾವೇಕೆ ಬಾಯಿ ಹಾಕಬೇಕು ಎಂದು ಸುಮ್ಮನಿದ್ದೆ. ಮಧ್ಯಾಹ್ನ ಆ ರಾತ್ರಿ ಪಾಳಿಯ ಹುಡುಗಿಯನ್ನು ಮನೆಯಿಂದ ಕರೆಸಿದರು. ವೈದ್ಯರ ಆದೇಶವನ್ನು ಬರೆದುಕೊಂಡ ಚೀಟಿ ಇನ್ನೂ ಅವಳ ಚೀಲದಲ್ಲಿಯೇ ಇತ್ತು. ತೆಗೆದು ತೋರಿಸಿ ಅತ್ತಳು. ಆಡಳಿತದವರು ಅವಳಿಗೆ ನೋಟೀಸು ಕೊಟ್ಟು ಪ್ರಕರಣವನ್ನು ಮುಗಿಸಿದರು. ಆದರೆ ಬಾಯಿಮಾತಿನ ಆದೇಶವನ್ನು ಚೀಟಿಯಲ್ಲಿ ಬರೆದುಕೊಳ್ಳುವ ರೂಢಿ, ಗದ್ದಲದ ಮೇಜಿನ ಬಳಿ ನಿಂತು ಹಸ್ತಾಂತರ ಮಾಡುವ ರೂಢಿ, ಇವೆರಡೂ ಮರುದಿನವೂ ಹಾಗೆಯೇ ನಡೆದವು. ಹುಡುಗಿಯನ್ನು ಬದಲಾಯಿಸಿದರೆ ತಪ್ಪು ನಿಲ್ಲುವುದಿಲ್ಲವೆಂಬುದು ನನಗೆ ಅಂದೇ ಸ್ಪಷ್ಟವಾಯಿತು.

ಮಾಹಿತಿಯು ಸೋರುವುದಕ್ಕೆ ಕಾರಣಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹನ್ನೆರಡು ಗಂಟೆಗಳ ಕಾಲ ನಿದ್ರೆಗೆಟ್ಟ ಮನಸ್ಸು ಮೂವತ್ತು ಜನರ ವಿವರವನ್ನು ನೆನಪಿನಿಂದ ಒಪ್ಪಿಸಬೇಕು. ನಡುವೆ ದೂರವಾಣಿ ಬಾರಿಸುತ್ತದೆ, ಯಾರೋ ಡ್ರಿಪ್ ಮುಗಿಯಿತೆಂದು ಕರೆಯುತ್ತಾರೆ. ಮಾತು ತುಂಡಾದ ಸ್ಥಳದಿಂದ ಪುನಃ ಆರಂಭವಾಗುವುದು ಅಪರೂಪ. ಸಾಮಾನ್ಯವಾಗಿ ಮುಂದಿನ ರೋಗಿಯ ವಿಷಯಕ್ಕೆ ಹಾರಿಬಿಡುತ್ತದೆ. ಭಾಷೆಯ ತೊಡಕು ಬೇರೆ. ನಮ್ಮ ಆಸ್ಪತ್ರೆಗಳಲ್ಲಿ ಕೇರಳದಿಂದಲೂ ಇತರ ರಾಜ್ಯಗಳಿಂದಲೂ ಬಂದ ಶುಶ್ರೂಷಕಿಯರು ದುಡಿಯುತ್ತಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹಳ್ಳಿಯ ಅಜ್ಜಿಯೊಬ್ಬಳು "ಎದಿ ಹಿಡದಂಗ ಆಗೈತಿ" ಎಂದದ್ದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಬರೀ "ನೋವು" ಎಂದಾಗಿ, ಮುಂದಿನ ಪಾಳಿಗೆ ಹೋಗುವಾಗ ಅದೂ ಬಿಟ್ಟುಹೋಗಬಹುದು. ಇನ್ನು ಬರವಣಿಗೆಯ ಸಂಕ್ಷೇಪಗಳು. ಇನ್ಸುಲಿನ್ ಹತ್ತು ಯೂನಿಟ್ ಎಂದು ಬರೆಯುವಲ್ಲಿ ಯೂನಿಟ್ ಪದಕ್ಕೆ ಇಂಗ್ಲಿಷಿನ ಒಂದೇ ಅಕ್ಷರವನ್ನು ಬರೆದು, ಅದು ಸೊನ್ನೆಯಂತೆ ಕಂಡು, ಹತ್ತು ನೂರಾದ ಪ್ರಸಂಗಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಆದ್ದರಿಂದಲೇ ಆ ಪದವನ್ನು ಪೂರ್ತಿಯಾಗಿ ಬರೆಯಬೇಕೆಂಬ ನಿಯಮ ಬಂದಿದೆ.

ಶ್ರೀಮಠದ ಜಾತ್ರೆಯ ದಾಸೋಹದಲ್ಲಿ ಸೇವೆ ಮಾಡಿದವರಿಗೆ ಇದು ಹೊಸತೆನಿಸದು. ಅಡುಗೆಯವರ ಒಂದು ತಂಡ ಎದ್ದು ಇನ್ನೊಂದು ತಂಡ ಕೊಪ್ಪರಿಗೆಯ ಮುಂದೆ ಬಂದಾಗ ಸಾರಿಗೆ ಉಪ್ಪು ಎರಡು ಸಲ ಬೀಳುವುದುಂಟು, ಒಮ್ಮೊಮ್ಮೆ ಬೀಳದೆಯೂ ಹೋಗುವುದುಂಟು. ಸಾರನ್ನು ಸರಿಪಡಿಸಬಹುದು.

ಶುಶ್ರೂಷೆಯ ಇತಿಹಾಸದಲ್ಲಿ ಈ ಚಿಂತೆ ಹಳೆಯದು. ಆಧುನಿಕ ಶುಶ್ರೂಷಾ ವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಪ್ರಕಟವಾದ 'ನೋಟ್ಸ್ ಆನ್ ನರ್ಸಿಂಗ್' ಗ್ರಂಥದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ತಾನಿರುವಾಗ ಮಾಡುವ ಆರೈಕೆಯು ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಟು ಮಾಡಲು ತಿಳಿಯದಿದ್ದರೆ ಉಳಿದೆಲ್ಲ ಶ್ರಮವೂ ಕೆಡುತ್ತದೆಂಬುದು ಅವರ ಅಭಿಪ್ರಾಯದ ಸಾರ. ಆದರೂ ಹಸ್ತಾಂತರಕ್ಕೆ ಒಂದು ನಿಶ್ಚಿತ ಕ್ರಮ ಬೇಕೆಂದು ಜಗತ್ತು ಒಪ್ಪಿಕೊಳ್ಳಲು ಒಂದೂವರೆ ಶತಮಾನ ಬೇಕಾಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗಿಯ ಸುರಕ್ಷತೆಗಾಗಿ ಒಂಬತ್ತು ಪರಿಹಾರಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು ಹಸ್ತಾಂತರದ ಸಮಯದ ಸಂವಹನವನ್ನೇ ಕುರಿತದ್ದು. ಮತ್ತೊಂದು ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವುದನ್ನು ಕುರಿತದ್ದು.

ಇಂದು ಹೆಚ್ಚು ಬಳಕೆಯಲ್ಲಿರುವ ಕ್ರಮಕ್ಕೆ ಎಸ್‌ಬಾರ್ ಎಂದು ಹೆಸರು. ಇದರ ಹುಟ್ಟು ಆಸ್ಪತ್ರೆಯಲ್ಲಿ ಅಲ್ಲ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಚಾಲಿತ ಜಲಾಂತರ್ಗಾಮಿ ನೌಕೆಗಳಲ್ಲಿ, ಕಿರಿಯ ಅಧಿಕಾರಿಯು ಹಿರಿಯನಿಗೆ ತುರ್ತು ವಿಷಯವನ್ನು ಗೊಂದಲವಿಲ್ಲದೆ ತಿಳಿಸಲೆಂದು ರೂಪುಗೊಂಡ ಪದ್ಧತಿಯಿದು. ಈ ಶತಮಾನದ ಆರಂಭದಲ್ಲಿ ಕೈಸರ್ ಪರ್ಮನೆಂಟೆ ಎಂಬ ಅಲ್ಲಿನ ಆರೋಗ್ಯ ಸಂಸ್ಥೆಯವರು ಇದನ್ನು ಆಸ್ಪತ್ರೆಗೆ ಅಳವಡಿಸಿದರು. ಇದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮೊದಲನೆಯದು ಈಗಿನ ಸನ್ನಿವೇಶ, ಅಂದರೆ ಈ ಕ್ಷಣದಲ್ಲಿ ಏನಾಗುತ್ತಿದೆ ಎಂಬುದು. ಎರಡನೆಯದು ಹಿನ್ನೆಲೆ: ರೋಗಿ ಯಾರು, ಏತಕ್ಕಾಗಿ ಬಂದರು, ಇದುವರೆಗೆ ಏನು ಚಿಕಿತ್ಸೆಯಾಗಿದೆ. ಮೂರನೆಯದು ಹೇಳುವವರ ಅಂದಾಜು, ಏನಾಗಿರಬಹುದೆಂದು ಅವರಿಗೆ ಅನ್ನಿಸುತ್ತದೆ ಎಂಬುದು. ನಾಲ್ಕನೆಯದು ಬೇಡಿಕೆ ಅಥವಾ ಸಲಹೆ: ಈಗ ಏನು ಆಗಬೇಕು.

ಉದಾಹರಣೆಯಿಂದ ಇದು ಚೆನ್ನಾಗಿ ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಶುಶ್ರೂಷಕಿಯೊಬ್ಬಳು ವೈದ್ಯರಿಗೆ ದೂರವಾಣಿ ಮಾಡಿ, "ಸರ್, ಹನ್ನೆರಡನೇ ಬೆಡ್ಡಿನವರು ಯಾಕೋ ಸರಿಯಿಲ್ಲ ಸರ್, ಸುಸ್ತು ಅಂತಿದ್ದಾರೆ" ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಅರೆನಿದ್ರೆಯಲ್ಲಿರುವ ವೈದ್ಯರು, "ಆಯಿತು, ನೋಡ್ಕೊಳ್ಳಿ, ಬೆಳಿಗ್ಗೆ ಬರ್ತೀನಿ" ಎಂದು ಹೇಳಿ ಮಲಗಿಬಿಡಬಹುದು. ಅದೇ ಶುಶ್ರೂಷಕಿಯು ನಾಲ್ಕು ಮೆಟ್ಟಿಲಿನ ಕ್ರಮದಲ್ಲಿ ಹೇಳಿದರೆ ಹೀಗಿರುತ್ತದೆ: "ಸರ್, ಶಸ್ತ್ರಚಿಕಿತ್ಸಾ ವಾರ್ಡಿನಿಂದ ಮಾತಾಡ್ತಿದ್ದೀನಿ. ಹನ್ನೆರಡನೇ ಬೆಡ್ಡಿನ ರೋಗಿಯ ರಕ್ತದೊತ್ತಡ 90ಕ್ಕೆ ಇಳಿದಿದೆ, ನಾಡಿ 124 ಇದೆ. 58 ವರ್ಷದವರು, ನಿನ್ನೆ ಮಧ್ಯಾಹ್ನ ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ, ಸಂಜೆ ಒತ್ತಡ 120, ನಾಡಿ 88 ಇತ್ತು. ಎರಡು ಗಂಟೆಯಲ್ಲಿ ಡ್ರೈನ್ ಚೀಲಕ್ಕೆ 300 ಮಿಲಿಲೀಟರ್ ರಕ್ತ ಬಂದಿದೆ. ಒಳಗೆ ರಕ್ತಸ್ರಾವ ಆಗ್ತಿದೆ ಅಂತ ನನಗೆ ಅನುಮಾನ. ತಾವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ರಕ್ತ ಸಿದ್ಧಪಡಿಸೋಕೆ ಹೇಳಲಾ?" ಈ ಮಾತಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ, ಕೇಳಿದ ಮೇಲೆ ಯಾವ ವೈದ್ಯನೂ ಮಲಗಲಾರ.

ಇಲ್ಲಿ ಓದುಗರು ಮೂರನೆಯ ಮೆಟ್ಟಿಲನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ. ನಮ್ಮಲ್ಲಿ ಶುಶ್ರೂಷಕಿಯು ತನ್ನ ಅನುಮಾನವನ್ನು ವೈದ್ಯರ ಮುಂದೆ ಹೇಳುವುದು ಅಧಿಕಪ್ರಸಂಗವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ನಮ್ಮ ವೃತ್ತಿಯ ಹಿರಿಯರಲ್ಲಿ ಕೆಲವರು, "ಅದನ್ನು ನಿರ್ಧರಿಸುವುದು ನಾನು" ಎಂದು ಗದರಿಸುವುದನ್ನು ಕಂಡಿದ್ದೇನೆ. ಎಂಟು ಹನ್ನೆರಡು ಗಂಟೆ ರೋಗಿಯ ಪಕ್ಕದಲ್ಲಿರುವವಳಿಗೆ ಕಾಣುವುದು, ಐದು ನಿಮಿಷ ನೋಡಿ ಹೋಗುವ ವೈದ್ಯನಿಗೆ ಕಾಣದೇ ಹೋಗಬಹುದು. ಎಸ್‌ಬಾರ್ ಕ್ರಮವು ಆ ಅನುಮಾನವನ್ನು ಹೇಳುವುದೇ ಅವಳ ಕರ್ತವ್ಯವೆಂದು ವಿಧಿಸುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಅದರ ದೊಡ್ಡ ಉಪಕಾರ.

ಕ್ರಮಬದ್ಧ ಹಸ್ತಾಂತರದಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಕೇಳಬಹುದು. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, ಐ-ಪಾಸ್ ಎಂಬ ಇದೇ ಬಗೆಯ ಕ್ರಮವನ್ನು ತರಬೇತಿ ನಿರತ ವೈದ್ಯರಿಗೆ ಕಲಿಸಿ ಪರೀಕ್ಷಿಸಲಾಯಿತು. ಅದರ ಫಲಿತಾಂಶವು 2014ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 10,740 ರೋಗಿ ದಾಖಲಾತಿಗಳನ್ನು ಪರಿಶೀಲಿಸಿದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ. 30ರಷ್ಟು ಕಡಿಮೆಯಾಗಿದ್ದವು. ಅದು ವೈದ್ಯರ ಪಾಳಿಯನ್ನು ಕುರಿತ ಅಧ್ಯಯನವೆಂಬುದನ್ನು ಮರೆಯಬಾರದು. ಆದರೂ ನನಗೆ ಮುಖ್ಯವೆನಿಸಿದ ಸಂಗತಿಯೊಂದು ಅದರಲ್ಲಿದೆ. ಒಬ್ಬ ರೋಗಿಯ ಹಸ್ತಾಂತರಕ್ಕೆ ಮೊದಲು 2.4 ನಿಮಿಷ ಹಿಡಿಯುತ್ತಿದ್ದರೆ ಹೊಸ ಕ್ರಮದಲ್ಲಿ ಹಿಡಿದದ್ದು 2.5 ನಿಮಿಷ. ನಮಗೆ ಅಷ್ಟು ಹೊತ್ತು ಎಲ್ಲಿದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಐ-ಪಾಸ್ ಕ್ರಮದ ಕೊನೆಯ ಹಂತದಲ್ಲಿ, ಕೇಳಿಸಿಕೊಂಡವರು ತಾವು ತಿಳಿದುಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅಕ್ಕನ ಪ್ರಸಂಗದಲ್ಲಿ ಬೆಳಗಿನ ಶುಶ್ರೂಷಕಿಯು, "ಸ್ಕ್ಯಾನಿಂಗ್ ಇದೆ, ಉಪವಾಸ, ಹಾಗಾದರೆ ಇನ್ಸುಲಿನ್?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು, ಹೃದಯದ ಶಸ್ತ್ರಚಿಕಿತ್ಸೆಯಾದ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಪ್ಪಿಸುವ ಕ್ರಮವನ್ನು ಸುಧಾರಿಸಲು ಫೆರಾರಿ ಕಂಪನಿಯ ಕಾರು ಪಂದ್ಯದ ತಂಡದಿಂದ ಪಾಠ ಕಲಿತರೆಂಬುದು ಸ್ವಾರಸ್ಯದ ಸಂಗತಿ. ಓಟದ ನಡುವೆ ಕಾರು ನಿಂತಾಗ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಚಕ್ರ ಬದಲಾಯಿಸುವ ಆ ತಂಡದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಮುನ್ನಡೆಸಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ವೈದ್ಯರ ಗುಂಪಿನಲ್ಲಿ ಅದು ನಿಶ್ಚಯವಾಗಿರಲಿಲ್ಲ! ಹೊಸ ಕ್ರಮವನ್ನು ತಂದ ಮೇಲೆ ತಾಂತ್ರಿಕ ತಪ್ಪುಗಳೂ ಬಿಟ್ಟುಹೋಗುವ ಮಾಹಿತಿಯೂ ಕಡಿಮೆಯಾದವೆಂದು ಅವರು 2007ರಲ್ಲಿ ವರದಿ ಮಾಡಿದರು.

ಆಯುರ್ವೇದದ ವೈದ್ಯನಾದ ನನಗೆ ಈ ಸಂದರ್ಭದಲ್ಲಿ ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ನೆನಪಾಗುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಂತಿದೆಯೆಂದು ಅಲ್ಲಿ ಹೇಳಿದೆ. ಒಂದೊಂದಕ್ಕೂ ನಾಲ್ಕು ಗುಣಗಳನ್ನು ವಿಧಿಸಿದೆ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಇರಬೇಕು. ರೋಗಿಗೆ ಹೇಳಿದ ಗುಣಗಳಲ್ಲಿ ಮೊದಲನೆಯದು ಸ್ಮೃತಿ, ಕೊನೆಯದು ಜ್ಞಾಪಕತ್ವ. ತನಗಾಗುತ್ತಿರುವುದನ್ನು ನೆನಪಿಟ್ಟು ಸ್ಪಷ್ಟವಾಗಿ ತಿಳಿಸುವ ಶಕ್ತಿ ಎಂದು ಇದರ ಅರ್ಥ. ರೋಗಿಯನ್ನು ಮಾಹಿತಿಯ ಮೂಲವೆಂದು ಎರಡು ಸಾವಿರ ವರ್ಷಗಳ ಹಿಂದಿನ ಪರಂಪರೆಯೇ ಗುರುತಿಸಿತ್ತು. ಪರಿಚಾರಕರು ಬದಲಾಗುವಾಗ ಏನು ಹೇಳಬೇಕೆಂಬ ವಿಧಿಯನ್ನು ಮಾತ್ರ ಅಲ್ಲಿ ನಾನು ಕಂಡಿಲ್ಲ. ಎಲ್ಲವೂ ನಮ್ಮ ಗ್ರಂಥಗಳಲ್ಲಿತ್ತೆಂದು ಹೇಳುವ ಅಭ್ಯಾಸ ನನಗಿಲ್ಲ.

ನನ್ನ ಚಿಕ್ಕ ಚಿಕಿತ್ಸಾಲಯದಲ್ಲಿ ನಡೆದ ಒಂದು ತಪ್ಪನ್ನು ಇಲ್ಲಿ ಹೇಳದಿದ್ದರೆ ಅನ್ಯರ ಆಸ್ಪತ್ರೆಯ ಬಗ್ಗೆ ಬರೆಯಲು ನನಗೆ ಅಧಿಕಾರವಿರದು. ಪಂಚಕರ್ಮಕ್ಕೆ ಪೂರ್ವಭಾವಿಯಾಗಿ ರೋಗಿಗೆ ಮೂರರಿಂದ ಏಳು ದಿನ ಔಷಧ ತುಪ್ಪವನ್ನು ಕುಡಿಸುತ್ತೇವೆ. ಇದು ಸ್ನೇಹಪಾನ. ದಿನದಿನಕ್ಕೆ ಪ್ರಮಾಣವನ್ನು ಏರಿಸುತ್ತ ಹೋಗಬೇಕು. ಬೆಳಿಗ್ಗೆ ಕುಡಿದ ತುಪ್ಪ ಪೂರ್ತಿ ಜೀರ್ಣವಾಗಿ ಹಸಿವು ಚೆನ್ನಾಗಿ ಆಗುವವರೆಗೆ ಬಿಸಿನೀರಲ್ಲದೆ ಬೇರೇನೂ ಕೊಡಬಾರದು. ಆಮೇಲೆ ತೆಳು ಗಂಜಿ. ಒಂದು ದಿನ ಬೆಳಗಿನ ಸಹಾಯಕಿಯು ಎರಡು ಗಂಟೆಗೆ ಮನೆಗೆ ಹೊರಡುವಾಗ ಮುಂದಿನವಳಿಗೆ, "ಮೂರನೇ ಕೋಣೆಯವರಿಗೆ ಹಸಿವಾಗಿದೆ, ಗಂಜಿ ಕೊಡು" ಎಂದು ಹೇಳಿ ಹೋದಳು. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವಳು ಅಡುಗೆಮನೆಯಲ್ಲಿದ್ದಾಗ, ಮೂರನೆಯ ಕೋಣೆಯ ಫ್ಯಾನು ತಿರುಗುತ್ತಿಲ್ಲವೆಂದು ದೂರು ಬಂದ ಕಾರಣ ನಾನೇ ಅಲ್ಲಿದ್ದವರನ್ನು ಐದನೆಯ ಕೋಣೆಗೂ ಐದನೆಯ ಕೋಣೆಯವರನ್ನು ಇಲ್ಲಿಗೂ ಬದಲಾಯಿಸಿದ್ದೆ. ಅವಳಿಗೆ ಹೇಳಿರಲಿಲ್ಲ; ಎಲ್ಲಿಯೂ ಬರೆದಿರಲಿಲ್ಲ. ಹೊಸದಾಗಿ ಮೂರನೆಯ ಕೋಣೆಗೆ ಬಂದವರಿಗೆ ಆ ಬೆಳಿಗ್ಗೆ ಹೆಚ್ಚಿನ ಪ್ರಮಾಣದ ತುಪ್ಪ ಕೊಟ್ಟಿತ್ತು, ಅದಿನ್ನೂ ಜೀರ್ಣವಾಗಿರಲಿಲ್ಲ. ಗಂಜಿ ಬಂತು, ಅವರು ಮರುಮಾತಿಲ್ಲದೆ ಕುಡಿದರು. ರಾತ್ರಿಯೆಲ್ಲ ವಾಂತಿ, ಹೊಟ್ಟೆಯುಬ್ಬರ. ಚಿಕಿತ್ಸೆಯನ್ನು ನಿಲ್ಲಿಸಿ ಎರಡು ವಾರ ಮುಂದೂಡಬೇಕಾಯಿತು. ನಿಜವಾಗಿ ಹಸಿದಿದ್ದವರು ಐದನೆಯ ಕೋಣೆಯಲ್ಲಿ ಸಂಜೆಯವರೆಗೆ ಬಿಸಿನೀರು ಕುಡಿದು ಕುಳಿತಿದ್ದರು. ಸಹಾಯಕಿಯನ್ನು ಬೈಯಲು ಬಾಯಿ ತೆರೆದವನು ನನ್ನ ತಪ್ಪು ನೆನಪಾಗಿ ಸುಮ್ಮನಾದೆ.

ಕೋಣೆಯ ಸಂಖ್ಯೆಯಿಂದಾಗಲಿ ಹಾಸಿಗೆಯ ಸಂಖ್ಯೆಯಿಂದಾಗಲಿ ರೋಗಿಯನ್ನು ಗುರುತಿಸಕೂಡದು, ಪೂರ್ತಿ ಹೆಸರು ಮತ್ತು ಜನ್ಮದಿನಾಂಕ ಅಥವಾ ಆಸ್ಪತ್ರೆಯ ನೋಂದಣಿ ಸಂಖ್ಯೆ ಹೀಗೆ ಎರಡು ಗುರುತುಗಳಾದರೂ ಇರಬೇಕು ಎಂಬ ನಿಯಮದ ಬೆಲೆ ನನಗೆ ತಿಳಿದದ್ದು ಆ ದಿನ. ನಮ್ಮೂರುಗಳಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಬಸವರಾಜರು, ಮೂವರು ಶಾಂತಮ್ಮಂದಿರು ಇರುವುದು ಅಪರೂಪವೇನಲ್ಲ. ಆದ್ದರಿಂದ ಬರೀ ಹೆಸರೂ ಸಾಲದು.

ಒಳ್ಳೆಯ ಹಸ್ತಾಂತರವು ಮೇಜಿನ ಬಳಿ ನಡೆಯುವುದಕ್ಕಿಂತ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯುವುದು ಲೇಸು. ಇಬ್ಬರೂ ಶುಶ್ರೂಷಕಿಯರು ಒಟ್ಟಿಗೆ ಬಂದು ಕೈಪಟ್ಟಿಯನ್ನು ಓದುತ್ತಾರೆ, ಡ್ರಿಪ್ಪಿನ ಬಾಟಲಿಯಲ್ಲಿ ಏನಿದೆ, ಎಷ್ಟು ಉಳಿದಿದೆ, ಸೂಜಿ ಚುಚ್ಚಿದ ಜಾಗ ಊದಿದೆಯೇ, ಮೂತ್ರದ ಚೀಲದಲ್ಲಿ ಎಷ್ಟು ಸೇರಿದೆ ಎಂದು ಕಣ್ಣಾರೆ ನೋಡುತ್ತಾರೆ. ಯಾವ ಔಷಧ ಒಗ್ಗುವುದಿಲ್ಲ, ಕೊಟ್ಟ ಔಷಧ ಯಾವುದು, ಬೇಕೆಂದೇ ತಡೆಹಿಡಿದದ್ದು ಯಾವುದು ಮತ್ತು ಏಕೆ, ಯಾವ ಪರೀಕ್ಷೆಯ ವರದಿ ಬರಬೇಕಾಗಿದೆ, ಬಂದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಹೇಳಿ ಬರೆದಿಡುತ್ತಾರೆ. ಇವುಗಳಲ್ಲಿ ತಡೆಹಿಡಿದ ಔಷಧದ ವಿಷಯವೇ ಹೆಚ್ಚು ಬಿಟ್ಟುಹೋಗುವುದೆಂಬುದು ನನ್ನ ಅನುಭವ. ಮಾಡಿದ ಕೆಲಸಕ್ಕೆ ಪಟ್ಟಿಯಲ್ಲಿ ಗುರುತಿರುತ್ತದೆ, ಮಾಡದೆ ಬಿಟ್ಟದ್ದಕ್ಕೆ ಇರುವುದಿಲ್ಲ. ಇನ್ಸುಲಿನ್, ರಕ್ತ ತೆಳುವಾಗಿಸುವ ಹೆಪಾರಿನ್, ಪೊಟ್ಯಾಸಿಯಂ ದ್ರಾವಣ ಇಂತಹ ಅಪಾಯಕಾರಿ ಔಷಧಗಳ ವಿಷಯದಲ್ಲಿ ಇಬ್ಬರೂ ಸೇರಿ ಪರಿಶೀಲಿಸುವುದು ಒಳ್ಳೆಯ ಆಸ್ಪತ್ರೆಗಳ ಪದ್ಧತಿ. ರೋಗಿಯ ಗೋಪ್ಯ ಕಾಯಿಲೆ, ಮನೆಯ ತಾಪತ್ರಯ ಮೊದಲಾದವನ್ನು ಮಾತ್ರ ಪಕ್ಕದ ಹಾಸಿಗೆಯವರಿಗೆ ಕೇಳಿಸದಂತೆ ಬೇರೆಡೆ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮಲ್ಲಿ ಯಾವ ಪದ್ಧತಿ ಬಂದರೂ ಅದು ಬೇಗನೆ ನಮೂನೆಯ ಹಾಳೆಯಾಗಿಬಿಡುತ್ತದೆ. ತಪಾಸಣೆಗೆ ಬರುವವರಿಗೆ ತೋರಿಸಲೆಂದು ಎಲ್ಲ ಚೌಕಗಳಲ್ಲೂ ಒಟ್ಟಿಗೆ ಗುರುತು ಹಾಕಿಟ್ಟ ಹಾಳೆಗಳನ್ನು ನಾನು ನೋಡಿದ್ದೇನೆ. ಅಲ್ಲದೆ, ರಾತ್ರಿ ಒಬ್ಬಳೇ ಶುಶ್ರೂಷಕಿಯು ಮೂವತ್ತು ರೋಗಿಗಳನ್ನು ನೋಡುವ ವಾರ್ಡಿನಲ್ಲಿ ಎಸ್‌ಬಾರ್ ಆಗಲಿ ಐ-ಪಾಸ್ ಆಗಲಿ ಏನು ಮಾಡೀತು? ಮೊದಲು ಸಾಕಷ್ಟು ಕೈಗಳಿರಬೇಕು. ಹೊರಡುವವರ ಮತ್ತು ಬರುವವರ ಪಾಳಿಗಳ ನಡುವೆ ಹದಿನೈದು ಇಪ್ಪತ್ತು ನಿಮಿಷ ಒಂದರ ಮೇಲೊಂದು ಬರುವಂತೆ ವೇಳಾಪಟ್ಟಿ ಮಾಡಿ, ಆ ಹೊತ್ತಿಗೂ ಸಂಬಳ ಕೊಡಬೇಕು. ಇದನ್ನು ಮಾಡದೆ ಶುಶ್ರೂಷಕಿಯರಿಗೆ ಸಂವಹನದ ಉಪನ್ಯಾಸ ಕೊಡುವುದು ನ್ಯಾಯವಲ್ಲ. ಶ್ರೀಮಠದ ಭಕ್ತರಲ್ಲಿ ಆಸ್ಪತ್ರೆ, ನರ್ಸಿಂಗ್ ಕಾಲೇಜುಗಳನ್ನು ನಡೆಸುವವರು ಕೆಲವರಿದ್ದಾರೆ. ಅವರು ಈ ಮಾತನ್ನು ಅನ್ಯಥಾ ಭಾವಿಸದೆ ಯೋಚಿಸಬೇಕೆಂದು ವಿನಂತಿ.

ಇನ್ನು ರೋಗಿಯ ಕಡೆಯವರಾದ ನಾವು ಮಾಡಬಹುದಾದದ್ದು. ನಮ್ಮ ಮನೆಗಳಲ್ಲಿ ರೋಗಿಯ ಜೊತೆಗಿರುವವರೂ ಪಾಳಿಯಲ್ಲಿಯೇ ಇರುತ್ತಾರೆ. ರಾತ್ರಿ ಮಗ, ಬೆಳಿಗ್ಗೆ ಸೊಸೆ, ಮಧ್ಯಾಹ್ನ ಊರಿನಿಂದ ಬಂದ ಅಳಿಯ. ಡಾಕ್ಟರು ಏನೆಂದರು ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ. ಹತ್ತು ರೂಪಾಯಿಯ ಒಂದು ನೋಟುಪುಸ್ತಕವನ್ನು ದಿಂಬಿನ ಪಕ್ಕದಲ್ಲಿಡಿ. ದಿನಾಂಕ, ಸಮಯ, ವೈದ್ಯರು ಹೇಳಿದ್ದು, ಕೊಟ್ಟ ಔಷಧ, ರೋಗಿ ತಿಂದದ್ದು, ನಾವು ಕೇಳಬೇಕಾದ ಪ್ರಶ್ನೆ ಇವನ್ನು ಬರೆಯುತ್ತ ಹೋಗಿ. ಮೊದಲ ಪುಟದಲ್ಲಿ ರೋಗಿಗೆ ಒಗ್ಗದ ಔಷಧಗಳನ್ನೂ ಮನೆಯಲ್ಲಿ ನಿತ್ಯ ತೆಗೆದುಕೊಳ್ಳುವ ಔಷಧಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಕಷಾಯ, ಚೂರ್ಣ, ಭಸ್ಮ, ಊರಿನ ನಾಟಿ ಔಷಧ ಯಾವುದೇ ಇರಲಿ, ಅದನ್ನೂ ಸೇರಿಸಿ. ಅಲೋಪಥಿಯವರು ಬೈಯುತ್ತಾರೆಂಬ ಭಯದಿಂದ ನಮ್ಮ ಔಷಧಗಳನ್ನು ಮುಚ್ಚಿಡುವ ರೋಗಿಗಳು ಬಹಳ. ರಕ್ತದ ಸಕ್ಕರೆಯನ್ನು ಇಳಿಸುವ ಚೂರ್ಣವೊಂದು ಅಲ್ಲಿನ ಮಾತ್ರೆಯ ಜೊತೆ ಸೇರಿದರೆ ಏನಾಗುತ್ತದೆಂಬುದು ಮುಚ್ಚಿಟ್ಟವರಿಗೆ ತಿಳಿದಿರುವುದಿಲ್ಲ. ಬೈಸಿಕೊಂಡರೂ ಚಿಂತೆಯಿಲ್ಲ, ಹೇಳಿಬಿಡಿ.

ಪಾಳಿ ಬದಲಾಗುವ ಆ ಕಾಲುಗಂಟೆಯಲ್ಲಿ ತೀರ ತುರ್ತಿನ ಹೊರತು ಶುಶ್ರೂಷಕಿಯರನ್ನು ಮಧ್ಯೆ ಕರೆಯಬೇಡಿ. ಹೊಸ ಪಾಳಿಯವರು ಹಾಸಿಗೆಯ ಬಳಿ ಬಂದಾಗ, "ಸಿಸ್ಟರ್, ಇವರು ಇವತ್ತು ಉಪವಾಸ ಇದ್ದಾರೆ", "ಇವರಿಗೆ ಪೆನಿಸಿಲಿನ್ ಆಗೋದಿಲ್ಲ" ಎಂದು ನೀವಾಗಿಯೇ ಹೇಳಿ. ಯಾವುದೇ ಚುಚ್ಚುಮದ್ದಿಗೆ ಮೊದಲು, "ಇದು ಯಾವುದಕ್ಕೆ ಸಿಸ್ಟರ್?" ಎಂದು ಸೌಮ್ಯವಾಗಿ ಕೇಳುವುದು ಅವಿಧೇಯತೆಯಲ್ಲ. ನಾನು ಅಂದು ಕೇಳದೆ ಕುಳಿತಿದ್ದೆನಲ್ಲ, ಅದು ಮರ್ಯಾದೆಯಾಗಿರಲಿಲ್ಲ, ಸಂಕೋಚವಾಗಿತ್ತು.

ಕೊನೆಯ ಹಸ್ತಾಂತರವು ಆಸ್ಪತ್ರೆಯಿಂದ ಮನೆಗೆ ಆಗುವಂಥದ್ದು. ಬಿಡುಗಡೆಯ ದಿನ ಎಲ್ಲರ ಗಮನ ಬಿಲ್ಲಿನ ಮೇಲಿರುತ್ತದೆ. ಬಿಡುಗಡೆ ಪತ್ರವನ್ನು ಫೈಲಿನಲ್ಲಿ ಹಾಕಿಕೊಂಡು ಬಂದುಬಿಡುತ್ತೇವೆ. ಹೊಸ ಚೀಟಿಯಲ್ಲಿ ಬರೆದ ಮಾತ್ರೆಯೂ ಮನೆಯಲ್ಲಿರುವ ಹಳೆಯ ಮಾತ್ರೆಯೂ ಕಂಪನಿಯ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದು. ರೋಗಿಯು ಎರಡನ್ನೂ ನುಂಗುತ್ತಿರುತ್ತಾನೆ. ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳಲ್ಲಿ ನಾನು ಇದನ್ನು ಪದೇ ಪದೇ ಕಾಣುತ್ತೇನೆ. ಹೊರಡುವ ಮುನ್ನ ಶುಶ್ರೂಷಕಿಯನ್ನೋ ವೈದ್ಯರನ್ನೋ ಕೂಡಿಸಿಕೊಂಡು, ಹಳೆಯದರಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಮನೆಯಲ್ಲಿ ಯಾವ ಲಕ್ಷಣ ಕಂಡರೆ ತಕ್ಷಣ ಮರಳಿ ಬರಬೇಕು, ಮುಂದಿನ ಭೇಟಿ ಎಂದು ಎಂಬುದನ್ನು ಕೇಳಿ, ಕೇಳಿದ್ದನ್ನು ಅವರೆದುರೇ ಒಮ್ಮೆ ತಿರುಗಿ ಹೇಳಿ. ನನ್ನ ಅಕ್ಕನಂತೂ ಈಗ ಯಾವ ವೈದ್ಯರ ಬಳಿ ಹೋದರೂ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ನಾನು ಕೊಟ್ಟ ಚೂರ್ಣದ ಡಬ್ಬಿಯನ್ನೂ ಒಂದು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುತ್ತಾಳೆ. ಮೊದಮೊದಲು ವೈದ್ಯರು ನಗುತ್ತಿದ್ದರಂತೆ. ಈಗ ಅವರೇ "ಅಮ್ಮ, ಚೀಲ ತಂದಿದ್ದೀರಾ?" ಎಂದು ಕೇಳುತ್ತಾರೆ.